ಚದರಡಿ ಲೆಕ್ಕದಲ್ಲಿ ಕಲೆ ಕೊಳ್ಳುವ ಊರು

(ಬೆಂಗಳೂರಿನಲ್ಲಿ ಕಲಾ ವಿದ್ಯಾರ್ಥಿಗಳು, ಬಡಾವಣೆ ಸಂಘಗಳ ಸದಸ್ಯರು ಮತ್ತು ನಗರಾಡಳಿತದ ಎಂಜಿನಿಯರುಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯ ಗುಂಡಿಯೊಂದರಲ್ಲಿ ಮೊಸಳೆ ಬಂದು ಮಲಗಿದ್ದು ನಿಮ್ಮಲ್ಲಿ ಬಹಳ ಮಂದಿಗೆ ನೆನಪಿರಬೇಕು. ಸುಮಾರು 12 ಅಡಿ ಉದ್ದದ ಗುಂಡಿ, ಅದರ ತುಂಬ ನೀರು, ಮುಚ್ಚುವವರಿಲ್ಲ. ಕಲಾವಿದ ಬಾದಲ್ ನಂಜುಂಡಸ್ವಾಮಿ ಅದನ್ನು ಹಸಿರು ಕೊಳದಂತೆ ಮಾಡಿ, ಫೈಬರಿನ ಮೊಸಳೆಯೊಂದನ್ನು ತಂದು ಅದರಲ್ಲಿಟ್ಟರು. ಪತ್ರಿಕೆಗಳಲ್ಲಿ ಫೋಟೋ ಬಂತು, ಟೀವಿಯವರು ಬಂದರು, ಗುಂಡಿ ಮುಚ್ಚಿತು. ನಾಲ್ಕು ವರ್ಷಗಳ ಮೇಲೆ, 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನದ ಸುದ್ದಿ ಎಲ್ಲರ ಬಾಯಲ್ಲಿದ್ದಾಗ, ಅವರೇ ಹೇರೋಹಳ್ಳಿಯ ರಸ್ತೆಯ ಮೇಲೆ ಗಗನಯಾತ್ರಿಯ ವೇಷದ ನಟನೊಬ್ಬನನ್ನು ನಿಧಾನವಾಗಿ ನಡೆಸಿ ವಿಡಿಯೋ ಮಾಡಿದರು. ನೋಡುತ್ತಾ ಹೋದರೆ ಚಂದ್ರನ ನೆಲ, ಪಕ್ಕದಲ್ಲಿ ಆಟೋ ಹಾದುಹೋದಾಗ ಬೆಂಗಳೂರು. ಮರುದಿನವೇ ಆ ರಸ್ತೆಗೆ ದುರಸ್ತಿಯವರು ಬಂದರು.

ಈ ಪ್ರಸಂಗಗಳನ್ನು ಹೇಳುವಾಗ ನಾವೆಲ್ಲ ರಸ್ತೆಯ ಬಗ್ಗೆ ಮಾತನಾಡುತ್ತೇವೆ. ನಾನು ಇವತ್ತು ಮೊಸಳೆಯ ಖರ್ಚಿನ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಆಗ ಪತ್ರಿಕೆಗಳಲ್ಲಿ ಬಂದಂತೆ ಅದಕ್ಕೆ ತಗುಲಿದ್ದು 6000 ರೂಪಾಯಿ. ಕಲಾವಿದನ ಕೈಯಿಂದ ಹೋದ ದುಡ್ಡು ಅದು. ಅದರ ಮೇಲೆ ಅವರು ಹಾಕಿದ ದಿನಗಳಿವೆ, ಮೊಸಳೆಯನ್ನು ಮೊಸಳೆಯ ಹಾಗೆ ಕಾಣಿಸುವ ವಿದ್ಯೆಯಿದೆ, ಆ ವಿದ್ಯೆ ಕಲಿಯಲು ಸವೆಸಿದ ವರ್ಷಗಳಿವೆ. ಊರಿಗೆ ರಸ್ತೆ ಸಿಕ್ಕಿತು, ಜಗತ್ತಿನಲ್ಲೆಲ್ಲ ಹೆಸರು ಬಂತು. ಕಲಾವಿದ ಊರಿಗೆ ಕೊಡುವ ಈ ರೂಢಿ ನಮಗೆ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ಊರು ಕಲಾವಿದನಿಗೆ ಏನು ಕೊಡಬೇಕು ಎಂದು ಕೇಳುವುದೇ ಅಸಭ್ಯ ಅನ್ನಿಸುವಷ್ಟು. ಆ ಪ್ರಶ್ನೆಯನ್ನೇ ಇವತ್ತು ಬಿಡದೆ ಕೇಳೋಣ.

2009ರ ಸುಮಾರಿಗೆ ಮಹಾನಗರ ಪಾಲಿಕೆ ಮುಖ್ಯರಸ್ತೆಗಳ ಕಾಂಪೌಂಡು ಗೋಡೆಗಳ ಮೇಲೆ ಚಿತ್ರ ಬರೆಸಿತು. ಪೋಸ್ಟರ್ ಅಂಟಿಸುವುದನ್ನು ತಡೆಯುವುದು ಉದ್ದೇಶ. ಹಂಪಿಯ ಕಲ್ಲಿನ ರಥ, ಮೈಸೂರು ಅರಮನೆ, ಜೋಗ, ಯಕ್ಷಗಾನದ ವೇಷ, ಹುಲಿ, ಆನೆ. ಬರೆದವರಲ್ಲಿ ಅನೇಕರು ಸಿನಿಮಾ ಬ್ಯಾನರ್ ಬರೆದು ಬದುಕಿದವರು. ಗಾಂಧಿನಗರದ ಚಿತ್ರಮಂದಿರಗಳ ಮುಂದೆ ಮೂರು ಮಹಡಿ ಎತ್ತರದ ಕಟೌಟ್ ನಿಲ್ಲಿಸಿದ ಕೈಗಳು ಫ್ಲೆಕ್ಸ್ ಬಂದ ಮೇಲೆ ಖಾಲಿ ಕುಳಿತಿದ್ದವು.

ಆಗ ಒಂದು ಗೋಡೆಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಅರವತ್ತರ ಆಸುಪಾಸಿನ ಪೇಂಟರ್, ಜೊತೆಗೊಬ್ಬ ಹುಡುಗ. ಹುಡುಗ ನೂಲಿಗೆ ನೀಲಿ ಪುಡಿ ಹಚ್ಚಿ ಗೋಡೆಗೆ ಒತ್ತಿ ಹಿಡಿದು, ನಡುವೆ ಎಳೆದು ಬಿಟ್ಟರೆ ನೆಟ್ಟಗೆ ಒಂದು ಗೆರೆ ಬೀಳುತ್ತಿತ್ತು. ಅಡ್ಡ, ಉದ್ದ ಹೀಗೆ ಎಳೆದು ಇಡೀ ಗೋಡೆ ಚೌಕುಳಿಯಾಯಿತು. ಹಿರಿಯರ ಎಡಗೈಯಲ್ಲಿ ಅಂಗೈಯಗಲದ ಜೋಗದ ಫೋಟೋ. ಅದರ ಮೇಲೂ ಪೆನ್ಸಿಲಿನ ಚೌಕುಳಿ. ಮೊದಲು ಬಂಡೆಗೆ ಕಂದು, ಅದರ ಮೇಲೆ ನೀಲಿಯ ನೆರಳು, ಅದು ಪೂರ್ತಿ ಒಣಗುವ ಮೊದಲೇ ಒಣ ಬ್ರಷ್ಷಿನಲ್ಲಿ ಬಿಳಿಯನ್ನು ಮೇಲಿನಿಂದ ಕೆಳಗೆ ಒಂದೇ ಉಸಿರಿನಲ್ಲಿ ಎಳೆದರು. ಕೊನೆಗೆ ನೀರು ಬೀಳುವ ಜಾಗದ ಬಣ್ಣವನ್ನು ಹೆಬ್ಬೆರಳಿನಿಂದ ಒರೆಸಿದರು, ಅಲ್ಲಿ ಮಂಜು ಎದ್ದಿತು. ಎಷ್ಟು ಕೊಡುತ್ತಾರೆ ಎಂದು ಕೇಳಿದೆ. “ಚದರಡಿ ಲೆಕ್ಕ ಸಾರ್. ಜೋಗ ಬರೆದರೂ ಅಷ್ಟೇ, ಬರೀ ಆಕಾಶ ಬರೆದರೂ ಅಷ್ಟೇ” ಎಂದರು.

ಆಗ ಕಲಾವಲಯದ ನಮ್ಮಲ್ಲೇ ಹಲವರು ಆ ಗೋಡೆಗಳನ್ನು ಕ್ಯಾಲೆಂಡರ್ ಚಿತ್ರಗಳೆಂದು ತಳ್ಳಿಹಾಕಿದರು. ಆ ಮಾತು ನನಗೆ ಆಗಲೂ ಒಪ್ಪಿಗೆಯಿರಲಿಲ್ಲ, ಈಗಲೂ ಇಲ್ಲ. ಹೆಬ್ಬೆರಳಿನಲ್ಲಿ ಮಂಜು ಎಬ್ಬಿಸುವವರಿಗೆ ಕೈಚಳಕದ ಕೊರತೆಯಿರಲಿಲ್ಲ. ನಿಮಗೆ ಏನು ಬರೆಯಬೇಕೆನ್ನಿಸುತ್ತದೆ ಎಂದು ಅವರನ್ನು ಯಾರೂ ಕೇಳಲಿಲ್ಲ. ಮೂವತ್ತು ವರ್ಷ ಈ ಊರಿನ ಬೀದಿಗಳ ಮೇಲೆ ಸಾರುವೆ ಕಟ್ಟಿ ನಿಂತವರ ಕಣ್ಣಿಗೆ ಏನೆಲ್ಲ ಕಂಡಿರಬೇಕು! ಅದನ್ನು ಕೇಳದೆ, ಪ್ರವಾಸೋದ್ಯಮದ ಫೋಟೋ ಕೈಗಿಟ್ಟು ಗೋಡೆ ತುಂಬಿಸಿ ಎಂದೆವು. ಚದರಡಿಗೆ ಇಷ್ಟು ಎಂದು ದರ ಕಟ್ಟಿದ ಮೇಲೆ ಸಿಗುವುದು ತುಂಬಿದ ಗೋಡೆ. ಬೇಗ ತುಂಬಿಸಿದವನಿಗೆ ಲಾಭ, ನಿಂತು ಯೋಚಿಸಿದವನಿಗೆ ನಷ್ಟ.

ಈಗ ಎಂಜಿನಿಯರುಗಳ ಕಡೆ ತಿರುಗಿ ಮಾತನಾಡುತ್ತೇನೆ. ನೀವು ಕೆಟ್ಟ ಮನಸ್ಸಿನಿಂದ ಚದರಡಿ ಲೆಕ್ಕ ಹಾಕುತ್ತೀರಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಮುಂದೆ ದರಪಟ್ಟಿಯಿದೆ, ಅದರಲ್ಲಿ ಸುಣ್ಣ ಬಳಿಯುವುದಕ್ಕೆ, ಎನಾಮೆಲ್ ಹೊಡೆಯುವುದಕ್ಕೆ ದರ ಇದೆ. ಚಿತ್ರಕ್ಕೆ ಎಲ್ಲಿಂದ ದರ ತರುತ್ತೀರಿ? ಅಳತೆ ಪುಸ್ತಕದಲ್ಲಿ ಬರೆಯಲು ಉದ್ದ ಅಗಲ ಬೇಕು. ಟೆಂಡರ್ ಕರೆದರೆ ಕಡಿಮೆ ದರ ಹಾಕಿದವನಿಗೆ ಕೆಲಸ ಹೋಗಬೇಕು. ಇಎಂಡಿ ಎಂಬ ಮುಂಗಡ ಠೇವಣಿ ಕಟ್ಟಬೇಕು, ಹಿಂದಿನ ವರ್ಷಗಳ ವಹಿವಾಟಿನ ಲೆಕ್ಕ ತೋರಿಸಬೇಕು. ಯಾವ ಚಿತ್ರಕಾರನ ಹತ್ತಿರ ಇದೆಲ್ಲ ಇರುತ್ತದೆ? ಹಾಗಾಗಿ ಕೆಲಸ ಗುತ್ತಿಗೆದಾರನಿಗೆ ಹೋಗುತ್ತದೆ, ಅವನು ಇನ್ನೊಬ್ಬನಿಗೆ ಕೊಡುತ್ತಾನೆ, ಬ್ರಷ್ ಹಿಡಿಯುವವನ ಕೈಗೆ ಬರುವ ಹೊತ್ತಿಗೆ ದಿನಗೂಲಿ ಉಳಿದಿರುತ್ತದೆ. ಗೋಡೆಯ ಮೂಲೆಯಲ್ಲಿ ಹೆಸರು ಬರೆಯುವ ಹಕ್ಕೂ ಇರುವುದಿಲ್ಲ.

ಇದಕ್ಕೆ ದಾರಿ ಕಾನೂನಿನೊಳಗೇ ಇದೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರಲ್ಲಿ ಬಂತು. ಅದರ 4(ಜಿ) ಕಲಂ ಪ್ರಕಾರ ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಕೆಲಸಗಳಿಗೆ ಟೆಂಡರಿನಿಂದ ವಿನಾಯಿತಿ ಕೊಡಬಹುದು. 4(ಜಿ) ಹೆಸರು ಕೇಳಿದರೆ ಇಲ್ಲಿ ಕೆಲವರ ಮುಖ ಗಂಭೀರವಾಗುತ್ತದೆ, ಏಕೆಂದರೆ ಅದರ ದುರ್ಬಳಕೆಯ ದೂರುಗಳು ಬೇಕಾದಷ್ಟಿವೆ. ವಿನಾಯಿತಿಯೆಂದರೆ ಬೇಕಾದವರಿಗೆ ಹಂಚುವ ಪರವಾನಗಿ ಆಗಬಾರದು. ಬಹಿರಂಗ ಕರೆ ಕೊಡಿ, ಕಲಾವಿದರಿಂದ ಹಿಂದಿನ ಕೆಲಸದ ಚಿತ್ರಗಳನ್ನು ತರಿಸಿಕೊಳ್ಳಿ, ನಾಲ್ಕೈದು ಮಂದಿಯನ್ನು ಆರಿಸಿ, ಅವರಿಗೆ ಕರಡು ಮಾಡಲು ಸಂಭಾವನೆ ಕೊಡಿ, ಕರಡುಗಳನ್ನು ಆ ಬೀದಿಯಲ್ಲೇ ಪ್ರದರ್ಶಿಸಿ, ಆಮೇಲೆ ತಜ್ಞರ ಸಮಿತಿ ಕಾರಣ ಬರೆದು ಒಬ್ಬರನ್ನು ಆರಿಸಲಿ. ದರ ಮೊದಲೇ ನಿಗದಿಯಾಗಿರಲಿ; ಪೈಪೋಟಿ ಕೆಲಸದ ಗುಣದಲ್ಲಿ ನಡೆಯಲಿ. ವಾಸ್ತುಶಿಲ್ಪದಲ್ಲಿ ಇದು ನಮಗೆ ಹೊಸದಲ್ಲ. ಹಳೆಯ ಸೆಂಟ್ರಲ್ ಜೈಲು ಫ್ರೀಡಂ ಪಾರ್ಕ್ ಆದದ್ದು ವಿನ್ಯಾಸ ಸ್ಪರ್ಧೆಯ ಮೂಲಕ. ಕಟ್ಟಡಕ್ಕೆ ಸಾಧ್ಯವಾದದ್ದು ಒಂದು ಗೋಡೆಗೆ, ಒಂದು ಶಿಲ್ಪಕ್ಕೆ ಯಾಕೆ ಸಾಧ್ಯವಾಗಬಾರದು?

ಕರಡು ಮಾಡಲು ಸಂಭಾವನೆ ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ತಲೆಯಾಡಿಸಿದರು, ನೋಡಿದೆ. ಕಲಾವಿದರಿಂದ ಪುಕ್ಕಟೆ ಕರಡು ತರಿಸಿಕೊಂಡು, ಕೊನೆಗೆ ಯಾವುದನ್ನೂ ಆರಿಸದೆ, ಅವುಗಳಲ್ಲಿನ ಕಲ್ಪನೆಯನ್ನು ಬೇರೆಯವರ ಕೈಯಲ್ಲಿ ಮಾಡಿಸುವುದು ನಮ್ಮಲ್ಲಿ ನಡೆದಿದೆ. ಅದಕ್ಕೆ ಕಳ್ಳತನ ಎನ್ನುವುದಕ್ಕಿಂತ ಮೆತ್ತಗಿನ ಮಾತು ನನಗೆ ಗೊತ್ತಿಲ್ಲ.

ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ಬರುತ್ತದೆ. ಫ್ರಾನ್ಸ್ 1951ರಲ್ಲಿ ಸಾರ್ವಜನಿಕ ಕಟ್ಟಡಗಳ ವೆಚ್ಚದ ಶೇಕಡಾ 1ರಷ್ಟನ್ನು ಕಲೆಗೆ ಮೀಸಲಿಟ್ಟಿತು, ಮೊದಲು ಶಾಲಾ ಕಟ್ಟಡಗಳಲ್ಲಿ. ಅಮೆರಿಕದ ಫಿಲಡೆಲ್ಫಿಯಾ ನಗರ 1959ರಲ್ಲಿ ಅಂಥದೇ ನಿಯಮ ಮಾಡಿತು, ಆಮೇಲೆ ಆ ದೇಶದ ಎಷ್ಟೋ ನಗರಗಳು ಅದನ್ನು ಅನುಸರಿಸಿದವು. ಅದು ಹೊರದೇಶದ ಮಾತು ಅನ್ನಿಸಿದರೆ ವಿಧಾನಸೌಧದ ಮುಂದೆ ಹೋಗಿ ನಿಲ್ಲಿ. 1951ರಲ್ಲಿ ಅಡಿಗಲ್ಲು, 1956ಕ್ಕೆ ಕಟ್ಟಡ. ಕೆಂಗಲ್ ಹನುಮಂತಯ್ಯನವರ ಹಟ, ಮಾಣಿಕಂ ಅವರ ನಕ್ಷೆ. ಸುಮಾರು 1500 ಮಂದಿ ಕಲ್ಲುಕುಟಿಗರು, ಗಾರೆಯವರು, ಮರಗೆತ್ತನೆಯವರು ಅಲ್ಲಿ ದುಡಿದರು. ಆ ಕಂಬಗಳ ಬೋದಿಗೆಗಳನ್ನು, ಸಚಿವ ಸಂಪುಟದ ಕೊಠಡಿಯ ಗಂಧದ ಬಾಗಿಲನ್ನು ನೋಡಿ. ಆಗಿನ್ನೂ ಬಡ ರಾಜ್ಯ ನಮ್ಮದು. ಖರ್ಚು ಹೆಚ್ಚಾಯಿತೆಂದು ಹನುಮಂತಯ್ಯನವರು ಬೈಸಿಕೊಂಡರು. ಆದರೂ ಕೆತ್ತನೆಯೆಂಬುದು ಕಟ್ಟಡದ ಖರ್ಚಿನಲ್ಲೇ ಸೇರಿದ್ದು, ಉಳಿದ ದುಡ್ಡಿನಲ್ಲಿ ಆಮೇಲೆ ಅಂಟಿಸುವ ಅಲಂಕಾರವಲ್ಲ ಎಂಬ ತಿಳಿವಳಿಕೆ ಅವತ್ತಿನ ಆಡಳಿತಕ್ಕಿತ್ತು. ಮೇಲ್ಸೇತುವೆ, ಮೆಟ್ರೋ ನಿಲ್ದಾಣ, ಆಸ್ಪತ್ರೆ, ಬಸ್ ನಿಲ್ದಾಣ ಕಟ್ಟುವಾಗ ಅಂದಾಜುಪಟ್ಟಿಯಲ್ಲೇ ಕಲೆಗೆ ಒಂದು ಸಾಲು ಇರಲಿ ಎಂದು ನಾನು ಕೇಳುತ್ತಿರುವುದು ಇದೇ ಊರಿನ ಹಳೆಯ ಪದ್ಧತಿಯನ್ನು.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವೂ ಇದೆ. 2013ರ ಕಂಪನಿ ಕಾಯಿದೆಯ ಏಳನೇ ಅನುಸೂಚಿಯಲ್ಲಿ ಕಲೆ ಮತ್ತು ಸಂಸ್ಕೃತಿಯ ರಕ್ಷಣೆ, ಸಾಂಪ್ರದಾಯಿಕ ಕಲೆಗಳ ಬೆಳವಣಿಗೆ ಸ್ಪಷ್ಟವಾಗಿಯೇ ಸೇರಿವೆ. ಬೆಂಗಳೂರಿನಲ್ಲಿ ಕಂಪನಿಗಳಿಗೆ ಬರವಿಲ್ಲ. ಒಂದೇ ಷರತ್ತು: ಗೋಡೆಯ ಮೇಲೆ ಚಿತ್ರಕಾರನ ಹೆಸರಿಗಿಂತ ಕಂಪನಿಯ ಲಾಂಛನ ದೊಡ್ಡದಾಗಬಾರದು.

ಇನ್ನು ಜಾಗದ ಮಾತು. ನನ್ನ ಮಟ್ಟಿಗೆ ಇವತ್ತಿನ ಮಾತಿನ ತಿರುಳು ಇದು. ಕಲಾವಿದನಿಗೆ ದುಡ್ಡಿಗಿಂತ ಮೊದಲು ಬೇಕಾದದ್ದು ಕೈಗೆಟಕುವ ಬಾಡಿಗೆಯ ಜಾಗ: ಕೆಲಸ ಮಾಡಲು ಒಂದು, ತೋರಿಸಲು ಒಂದು.

ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಚಿತ್ರಶಾಲೆಯಿದೆ. ಕೆ. ವೆಂಕಟಪ್ಪ 1886ರಲ್ಲಿ ಹುಟ್ಟಿದವರು, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಕೈಕೆಳಗೆ ಕಲಿತವರು. ಊಟಿಯ ಬೆಟ್ಟಗಳ ಬೆಳಗು ಬೈಗುಗಳನ್ನು ಜಲವರ್ಣದಲ್ಲಿ ಹಿಡಿದವರು. ಮೈಸೂರು ಅರಮನೆಗಾಗಿ ಮಾಡುತ್ತಿದ್ದ ಉಬ್ಬುಶಿಲ್ಪಗಳ ಕೆಲಸ ನಾಲ್ವಡಿಯವರ ಕಾಲಾನಂತರ ನಿಂತುಹೋದಾಗ, ತಮಗೆ ಬರಬೇಕಾದದ್ದಕ್ಕಾಗಿ ಅರಮನೆಯ ವಿರುದ್ಧವೇ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅಂಥ ನಿಷ್ಠುರ ಮನುಷ್ಯನ ಹೆಸರಿನ ಚಿತ್ರಶಾಲೆಯ ಮೇಲೆ ನಮ್ಮ ಕಲಾವಿದರಿಗೆ ಯಾಕಷ್ಟು ಪ್ರೀತಿ? ಅಲ್ಲಿನ ಬಾಡಿಗೆ ಕಡಿಮೆಯಿತ್ತು. ಹೊರಜಿಲ್ಲೆಯಿಂದ ಬಂದ, ಯಾರ ಪರಿಚಯವೂ ಇಲ್ಲದ ಹುಡುಗಿಯೊಬ್ಬಳು ಅರ್ಜಿ ಹಾಕಿ, ಬಾಡಿಗೆ ಕಟ್ಟಿ, ತನ್ನ ಕ್ಯಾನ್‌ವಾಸುಗಳನ್ನು ಅಲ್ಲಿ ತೂಗುಹಾಕಬಹುದಿತ್ತು. ಖಾಸಗಿ ಗ್ಯಾಲರಿಗಳ ಬಾಗಿಲು ಅವಳಿಗೆ ತೆರೆಯುವುದಿಲ್ಲ. ತೆರೆದರೂ ಮಾರಾಟವಾಗುವುದೇ ಎಂಬ ಪ್ರಶ್ನೆ ಮೊದಲು ಬರುತ್ತದೆ. ಈ ಊರಿನ ಎಷ್ಟೋ ಹೆಸರಾಂತ ಕಲಾವಿದರ ಮೊದಲ ಪ್ರದರ್ಶನ ಆ ಹಜಾರಗಳಲ್ಲಿ ನಡೆಯಿತು.

2015ರಲ್ಲಿ ಸರ್ಕಾರ ಈ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸಿ ಹೊಸದಾಗಿ ಕಟ್ಟಿಸುವ ಒಪ್ಪಂದಕ್ಕೆ ಬಂತು. 2016ರಲ್ಲಿ ಕಲಾವಿದರು ಅದರ ಅಂಗಳಕ್ಕಿಳಿದರು. ಚಿತ್ರ ಬರೆದರು, ಹಾಡಿದರು, ಪ್ರದರ್ಶನಗಳನ್ನು ಮಾಡಿದರು. ಹೊಸ ಕಟ್ಟಡ ಚೆನ್ನಾಗಿರುತ್ತದೆ, ಹವಾನಿಯಂತ್ರಣ ಇರುತ್ತದೆ, ನಿಮಗೇನು ತೊಂದರೆ ಎಂದು ಆಗ ಒಳ್ಳೆಯ ಮನಸ್ಸಿನವರೇ ಕೇಳಿದ್ದುಂಟು. ಹಳೆಯ ಕಟ್ಟಡ ಸೋರುತ್ತಿತ್ತು, ಅದು ನಿಜ. ಆದರೆ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದು ದೀಪ, ಗೋಡೆ, ನೆಲಹಾಸುಗಳಿಗಿಂತ ದೊಡ್ಡ ವಿಷಯ. ಸಾರ್ವಜನಿಕ ಜಾಗದಲ್ಲಿ ಯಾರು ಬೇಕಾದರೂ ಅರ್ಜಿ ಹಾಕಬಹುದು. ಖಾಸಗಿ ಜಾಗದಲ್ಲಿ ಆಹ್ವಾನ ಬೇಕು. ಆ ಯೋಜನೆ ಕೊನೆಗೆ ಮುಂದುವರಿಯಲಿಲ್ಲ. ಕಲಾವಿದರು ಒಟ್ಟಾಗಿ ನಿಂತು ಒಂದು ಸಾರ್ವಜನಿಕ ಜಾಗವನ್ನು ಉಳಿಸಿಕೊಂಡ ಆ ಹೋರಾಟವನ್ನು ಕಲಾ ಶಾಲೆಗಳಲ್ಲಿ ಪಾಠವಾಗಿ ಹೇಳಬೇಕು.

ಖಾಸಗಿಯವರು ಬೇಡ ಎಂದು ನಾನು ಹೇಳಿದಂತೆ ಕೇಳಿಸಿದರೆ, ರಂಗಶಂಕರವನ್ನು ನೋಡಿ. ಜೆ.ಪಿ. ನಗರದ ಜಾಗ ಸರ್ಕಾರ ಗುತ್ತಿಗೆಗೆ ಕೊಟ್ಟದ್ದು. ಕಟ್ಟಿದ್ದು ಅರುಂಧತಿ ನಾಗ್ ಮತ್ತು ಅವರ ಜೊತೆಗಾರರು, ಶಂಕರನಾಗ್ ಅವರ ನೆನಪಿನಲ್ಲಿ, ಊರೂರಿನ ದೇಣಿಗೆಯಿಂದ. 2004ರಲ್ಲಿ ತೆರೆಯಿತು. ಸೋಮವಾರ ಬಿಟ್ಟು ಉಳಿದ ದಿನಗಳಲ್ಲಿ ನಾಟಕ. ತಂಡಗಳಿಗೆ ಬಾಡಿಗೆ ಕಡಿಮೆ. ಅದೇ ನೆಲವನ್ನು ಮಾರುಕಟ್ಟೆ ದರಕ್ಕೆ ಕೊಂಡಿದ್ದರೆ ಆ ಬಾಡಿಗೆಯಲ್ಲಿ ಯಾವ ರಂಗಮಂದಿರವೂ ಒಂದು ವರ್ಷ ನಡೆಯುತ್ತಿರಲಿಲ್ಲ. ನೆಲ ಊರಿನದು, ದುಡಿಮೆ ಕಲಾವಿದರದು. ಈ ಹೊಂದಾಣಿಕೆ ಫಲ ಕೊಟ್ಟಿದೆ ಎಂಬುದಕ್ಕೆ ಎರಡು ದಶಕದ ಪುರಾವೆಯಿದೆ. ಹಾಗಿದ್ದರೂ ಯಲಹಂಕಕ್ಕೆ, ಕೆಂಗೇರಿಗೆ, ಕೆ.ಆರ್. ಪುರಕ್ಕೆ ಅಂಥದೊಂದು ಯಾಕೆ ಇಲ್ಲ? ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ 1963ರದ್ದು. ಊರು ಅಂದಿನಿಂದ ಎಷ್ಟು ಪಾಲು ಬೆಳೆದಿದೆ, ರಂಗಮಂದಿರಗಳು ಎಷ್ಟು ಬೆಳೆದಿವೆ, ನೀವೇ ಲೆಕ್ಕ ಹಾಕಿ. ವೈಟ್‌ಫೀಲ್ಡಿನ ಮನುಷ್ಯ ಸಂಜೆ ಏಳೂವರೆಯ ನಾಟಕಕ್ಕೆ ನಗರದ ನಡುವಿಗೆ ಬರಬೇಕೆಂದರೆ ಕೆಲಸಕ್ಕೆ ರಜೆ ಹಾಕಬೇಕು.

ಹೊಸ ಕಟ್ಟಡ ಬೇಡ ಎನ್ನುವವರಿಗೂ ಕೆಲಸವಿದೆ. ಪಾಲಿಕೆಯ ಶಾಲೆಗಳ ಸಭಾಂಗಣಗಳು ಸಂಜೆ ಐದಕ್ಕೆ ಮುಚ್ಚುತ್ತವೆ. ಬಡಾವಣೆಗಳಲ್ಲಿ ಕಟ್ಟಿದ ಸಮುದಾಯ ಭವನಗಳು ಮದುವೆ, ನಾಮಕರಣ ಬಿಟ್ಟ ದಿನಗಳಲ್ಲಿ ಖಾಲಿ. ತಾಲೀಮಿಗೆ ಜಾಗವಿಲ್ಲದೆ ಪಾರ್ಕಿನ ಬೆಂಚಿನ ಪಕ್ಕ ಸಂಭಾಷಣೆ ಒಪ್ಪಿಸುವ ನಾಟಕ ತಂಡಗಳಿವೆ; ಕಾವಲುಗಾರ ಸೀಟಿ ಊದಿ ಎಬ್ಬಿಸುತ್ತಾನೆ. ಒಂದು ಬೀಗದ ಕೈ, ಒಂದು ನೋಂದಣಿ ಪುಸ್ತಕ, ಕರೆಂಟಿನ ಖರ್ಚು. ಇಷ್ಟರಲ್ಲಿ ಒಂದು ವಾರ್ಡು ಹತ್ತು ತಂಡಗಳಿಗೆ ನೆರವಾಗಬಹುದು. ಶಾಂತಿನಗರದಲ್ಲಿ ಸುರೇಶ್ ಜಯರಾಂ ತಮ್ಮ ಮನೆಯನ್ನೇ ‘ಒನ್ ಶಾಂತಿ ರೋಡ್’ ಎಂಬ ಕಲಾವಿದರ ತಾಣವಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ನಡೆಸಿಕೊಂಡು ಬಂದಿದ್ದಾರೆ. ಒಬ್ಬ ವ್ಯಕ್ತಿ ಒಂದು ಮನೆಯಲ್ಲಿ ಅಷ್ಟು ಮಾಡಬಹುದಾದರೆ ಸಾವಿರಾರು ಕಟ್ಟಡಗಳ ಒಡೆತನವಿರುವ ನಗರಾಡಳಿತ ಎಷ್ಟು ಮಾಡಬಹುದು?

ಒಂದು ನಿಮಿಷ ದಾರಿ ಬಿಟ್ಟು ಹೋಗುತ್ತೇನೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿಯ ಸಂಗೀತೋತ್ಸವವನ್ನು ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸುತ್ತಿದೆ. ಚಪ್ಪರದ ಒಳಗೆ ಟಿಕೆಟ್ ಕೊಂಡವರು. ಹೊರಗೆ, ಧ್ವನಿವರ್ಧಕದ ಕೆಳಗೆ, ರಸ್ತೆಯ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿ ಅದರ ಮೇಲೇ ಕುಳಿತು ಕೇಳುವವರು. ಶಾಲೆಯ ಮೈದಾನ, ಬೇಸಿಗೆಯ ಸಂಜೆ, ನಾಡಿನ ದೊಡ್ಡ ದೊಡ್ಡ ವಿದ್ವಾಂಸರು. ಸಾರ್ವಜನಿಕ ಕಲೆ ಎಂದೊಡನೆ ಗೋಡೆ, ಶಿಲ್ಪ ಎಂದಷ್ಟೇ ಯೋಚಿಸುವ ಅಭ್ಯಾಸದಿಂದ ನಾವು ಹೊರಬರಬೇಕು. ಆ ಮೈದಾನವನ್ನು ಒಂದು ತಿಂಗಳು ಬಿಟ್ಟುಕೊಟ್ಟದ್ದರಿಂದ ಈ ಊರಿನ ಕಿವಿ ತಲೆಮಾರುಗಟ್ಟಲೆ ತಯಾರಾಗಿದೆ.

ಬೀದಿಯಲ್ಲಿ ಹಾಡುವವರ ವಿಷಯವೂ ಇದಕ್ಕೇ ಸೇರಿದ್ದು. ಬೀದಿ ವ್ಯಾಪಾರಿಗಳಿಗೆ 2014ರಲ್ಲಿ ಕೇಂದ್ರದ ಕಾಯಿದೆ ಬಂತು. ಗುರುತಿನ ಚೀಟಿ, ಪಟ್ಟಣ ವ್ಯಾಪಾರ ಸಮಿತಿ ಎಂದೆಲ್ಲ ಒಂದು ಚೌಕಟ್ಟು ಸಿಕ್ಕಿತು. ಚರ್ಚ್ ಸ್ಟ್ರೀಟಿನಲ್ಲಿ ಗಿಟಾರ್ ಹಿಡಿದು ನಿಂತ ಹುಡುಗನಿಗಾಗಲಿ, ಮಾರುಕಟ್ಟೆಯ ಬಳಿ ತಂಬೂರಿ ಹಿಡಿದ ತತ್ವಪದದವರಿಗಾಗಲಿ ಅಂಥ ಚೌಕಟ್ಟಿಲ್ಲ. ಯಾರು ಬೇಕಾದರೂ ಎಬ್ಬಿಸಬಹುದು. ಲಂಡನ್ನಿನ ಸುರಂಗ ರೈಲು ನಿಲ್ದಾಣಗಳಲ್ಲಿ 2003ರಿಂದ ಹಾಡುಗಾರರಿಗೆ ಪರವಾನಗಿ ಕೊಟ್ಟು, ನೆಲದ ಮೇಲೆ ಗುರುತು ಹಾಕಿ, ಸರದಿ ಹಚ್ಚಿ ಜಾಗ ಕೊಡುತ್ತಾರೆ. ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಟಿಕೆಟ್ ಗೇಟಿನ ಹೊರಗೆ ಎಷ್ಟು ವಿಶಾಲವಾದ ಜಾಗವಿದೆ! ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ, ಆಮೇಲೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಸೃಷ್ಟಿ ಕಲಾ ಶಾಲೆಯ ವಿದ್ಯಾರ್ಥಿಗಳು ಮೆಟ್ರೋ ನಿಗಮದ ಜೊತೆಗೂಡಿ ಗೋಡೆಗಳ ಮೇಲೆ ಕೆಲಸ ಮಾಡಿದ್ದಾರೆ. ಎಂ.ಜಿ. ರಸ್ತೆಯಲ್ಲಿ 2013ರಿಂದ ರಂಗೋಲಿ ಮೆಟ್ರೋ ಕಲಾಕೇಂದ್ರವಿದೆ. ಅಂದರೆ ಬಾಗಿಲು ಒಂದಿಷ್ಟು ತೆರೆದಿದೆ. ಗೋಡೆಗೆ ಒಪ್ಪಿದ ನಿಗಮ ಹಾಡಿಗೂ ಒಪ್ಪಲಿ.

ಪ್ರತಿಮೆಗಳ ಬಗ್ಗೆ ಹೇಳದೆ ಈ ವಿಷಯ ಮುಗಿಯುವುದಿಲ್ಲ. ಹಲಸೂರು ಕೆರೆಯ ಬಳಿ ತಿರುವಳ್ಳುವರ್ ಪ್ರತಿಮೆ 18 ವರ್ಷ ಬಟ್ಟೆ ಸುತ್ತಿಕೊಂಡು ನಿಂತಿತ್ತು. 2009ರ ಆಗಸ್ಟ್ 9ರಂದು ಅನಾವರಣವಾಯಿತು; ನಾಲ್ಕು ದಿನದ ಮೇಲೆ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ. ಎರಡು ನೆರೆ ಊರುಗಳು ಎರಡು ಕವಿಗಳನ್ನು ವಿನಿಮಯ ಮಾಡಿಕೊಂಡ ಆ ಘಟನೆ ನನಗೆ ಇಷ್ಟ. ಆದರೆ ಆ 18 ವರ್ಷ ನಡೆದ ಜಗಳದಲ್ಲಿ ಒಬ್ಬರಾದರೂ ಅದರ ಶಿಲ್ಪಗುಣದ ಬಗ್ಗೆ ಮಾತನಾಡಿದ್ದು ನನಗೆ ನೆನಪಿಲ್ಲ. ನಮ್ಮಲ್ಲಿ ಪ್ರತಿಮೆಯೆಂದರೆ ಸಮುದಾಯದ ಗುರುತು, ಎತ್ತರದ ಪೈಪೋಟಿ. ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಹೊಸ ಪ್ರತಿಮೆಗಳಿಗೆ ಅನುಮತಿ ಕೊಡಬಾರದೆಂದು ಹೇಳಿದೆ. ಅದರಿಂದ ಕಲೆಗೆ ನಷ್ಟವಾಯಿತೆಂದು ನಾನು ಭಾವಿಸುವುದಿಲ್ಲ. ವೃತ್ತದ ನಡುವಿನ ಪ್ರತಿಮೆಯನ್ನು ಯಾರೂ ಹತ್ತಿರದಿಂದ ನೋಡುವುದಿಲ್ಲ. ಶಿಲ್ಪ ಪಾರ್ಕಿಗೆ ಬರಲಿ, ಮಕ್ಕಳು ಮುಟ್ಟುವಷ್ಟು ಕೆಳಗೆ ಬರಲಿ.

ಮುಟ್ಟಿದರೆ ಸವೆಯುತ್ತದೆ, ಮಳೆ ಬಿದ್ದರೆ ಬಣ್ಣ ಹೋಗುತ್ತದೆ. ಹಾಗಾಗಿ ಮುಂದಿನ ಮಾತು ಜೋಪಾನದ್ದು. ದೆಹಲಿಯ ವಿಜ್ಞಾನ ಭವನದಲ್ಲಿ ಶಿಲ್ಪಿ ಅಮರನಾಥ ಸೆಹಗಲ್ 1957ರಲ್ಲಿ ಕೆಲಸ ಒಪ್ಪಿಕೊಂಡು ವರ್ಷಗಟ್ಟಲೆ ದುಡಿದು ದೊಡ್ಡ ಕಂಚಿನ ಭಿತ್ತಿಶಿಲ್ಪ ಮಾಡಿದರು. 140 ಅಡಿ ಉದ್ದ, 40 ಅಡಿ ಎತ್ತರ. 1979ರಲ್ಲಿ ಕಟ್ಟಡದ ನವೀಕರಣದ ಹೆಸರಿನಲ್ಲಿ, ಅವರಿಗೆ ಒಂದು ಮಾತೂ ಹೇಳದೆ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿದರು. ತುಂಡುಗಳು ಮುರಿದವು, ಕೆಲವು ಕಳೆದವು. ಸೆಹಗಲ್ ನ್ಯಾಯಾಲಯಕ್ಕೆ ಹೋದರು. ದೆಹಲಿ ಹೈಕೋರ್ಟ್ 2005ರಲ್ಲಿ ಅವರ ಪರ ತೀರ್ಪು ಕೊಟ್ಟಿತು: ಉಳಿದದ್ದನ್ನು ಹಿಂದಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ. ಕೃತಿಸ್ವಾಮ್ಯ ಕಾಯಿದೆಯ 57ನೇ ಕಲಂ ಕಲಾವಿದನಿಗೆ ಕೊಡುವ ನೈತಿಕ ಹಕ್ಕು ಅದು. ಕೃತಿ ಮಾರಿದ ಮೇಲೂ ಅದನ್ನು ವಿರೂಪಗೊಳಿಸಬೇಡಿ ಎನ್ನುವ ಹಕ್ಕು ಉಳಿಯುತ್ತದೆ. ವಿದ್ಯಾರ್ಥಿಗಳೇ, ಈ ಕಲಂ ಸಂಖ್ಯೆಯನ್ನು ಬರೆದುಕೊಳ್ಳಿ. ಗೋಡೆ ಒಡೆಯುವ ಮೊದಲು, ಮೇಲೆ ಬೇರೆ ಬಣ್ಣ ಬಳಿಯುವ ಮೊದಲು ಕಲಾವಿದನಿಗೆ ತಿಳಿಸಬೇಕು ಎಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿ. ಎಷ್ಟು ವರ್ಷದ ಕೃತಿ, ಎರಡು ಮಳೆಗಾಲದ ಮೇಲೆ ಯಾರು ತೊಳೆಯಬೇಕು, ತೇಪೆ ಹಾಕಲು ಯಾರಿಗೆ ಕರೆ ಹೋಗಬೇಕು, ದುಡ್ಡು ಯಾವ ಲೆಕ್ಕಶೀರ್ಷಿಕೆಯಿಂದ ಬರಬೇಕು, ಎಲ್ಲವೂ ಕಾಗದದಲ್ಲಿರಲಿ. ನಮ್ಮ ಊರಿನಲ್ಲಿ ಉದ್ಘಾಟನೆಗೆ ಹಣವಿದೆ, ಮೂರನೇ ವರ್ಷದ ಬಣ್ಣಕ್ಕೆ ಇಲ್ಲ.

ಎಪ್ಪತ್ತರ ದಶಕದಲ್ಲಿ ಬೆಂಗಳೂರಿಗೆ ನಗರ ಕಲಾ ಆಯೋಗ ಎಂಬುದೊಂದಿತ್ತು ಎಂದರೆ ಇಲ್ಲಿನ ಕಿರಿಯರು ನಂಬಲಿಕ್ಕಿಲ್ಲ. ಪಾರಂಪರಿಕ ಕಟ್ಟಡಗಳ ಬಗ್ಗೆ, ಊರಿನ ಚಹರೆಯ ಬಗ್ಗೆ ಸಲಹೆ ಕೊಡುತ್ತಿತ್ತು. ಈ ಶತಮಾನದ ಆರಂಭದ ಹೊತ್ತಿಗೆ ಅದು ಮುಚ್ಚಿತು. ದೆಹಲಿಯ ಆಯೋಗ 1973ರ ಕಾಯಿದೆಯ ಬಲದಿಂದ ಇಂದಿಗೂ ಇದೆ. ನಮ್ಮದಕ್ಕೆ ಆ ಬಲ ಇರಲಿಲ್ಲ. ಮತ್ತೆ ಕಟ್ಟುವುದಾದರೆ ಕಾಯಿದೆಯ ಮೇಲೆ ಕಟ್ಟಬೇಕು.

ಯಾರಿಂದ ಮಾಡಿಸುತ್ತೇವೆ ಎಂಬುದೂ ಯೋಚಿಸಬೇಕಾದದ್ದು. 2016ರಲ್ಲಿ ಪೂರ್ಣಿಮಾ ಸುಕುಮಾರ್ ಬೆಂಗಳೂರಿನಲ್ಲಿ ಶುರುಮಾಡಿದ ಅರವಾನಿ ಆರ್ಟ್ ಪ್ರಾಜೆಕ್ಟಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಗೋಡೆಗಳ ಮೇಲೆ ತಮ್ಮವರ ಮುಖಗಳನ್ನು ಬರೆಯುತ್ತಾರೆ. ಜನ ಮುಖ ತಿರುಗಿಸಿಕೊಂಡು ಹೋಗುವ ಬೀದಿಯಲ್ಲೇ ಅವರು ಏಣಿ ಹತ್ತಿ ನಿಂತು, ದೊಡ್ಡ ಕಣ್ಣುಗಳನ್ನು, ಹೂಗಳನ್ನು, ಗಾಢ ಕೆಂಪು ನೀಲಿಗಳನ್ನು ಬಳಿಯುವಾಗ ಕೆಳಗೆ ನಿಂತವರು ಮಾತನಾಡಿಸದೆ ಹೋಗುವುದು ಕಷ್ಟ. ಆ ಮಾತುಕತೆಯೂ ಕೃತಿಯ ಭಾಗವೇ. ಫಿಲಡೆಲ್ಫಿಯಾದಲ್ಲಿ 1984ರಲ್ಲಿ ಗೋಡೆ ಗೀಚುವ ಹುಡುಗರನ್ನು ಹಿಡಿದು ಶಿಕ್ಷಿಸುವ ಬದಲು ಬ್ರಷ್ ಕೊಟ್ಟ ಕಾರ್ಯಕ್ರಮ ಇಂದು ಸಾವಿರಾರು ಭಿತ್ತಿಚಿತ್ರಗಳಾಗಿ ಬೆಳೆದಿದೆ. ಅಲ್ಲಿ ಬಣ್ಣಕ್ಕೆ ಮೊದಲು ಬೀದಿಯವರೊಂದಿಗೆ ಸಭೆ ನಡೆಯುತ್ತದೆ. ನಮ್ಮಲ್ಲಿ ಬೀದಿಯವರಿಗೆ ಗೊತ್ತಾಗುವುದು ಸಾರುವೆ ಎದ್ದ ಮೇಲೆ.

ಈಗ ಪಾಲಿಕೆಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ನಗರ ಪಾಲಿಕೆಗಳು ಬಂದಿವೆ. ಹೊಸ ಕಚೇರಿ, ಹೊಸ ಲೆಕ್ಕಪುಸ್ತಕ. ಹಳೆಯದನ್ನು ನಕಲು ಮಾಡುವ ಮೊದಲು ಹೊಸ ಸಾಲು ಸೇರಿಸಲು ಇದು ಸರಿಯಾದ ಸಮಯ. ಐದೂ ಪಾಲಿಕೆಗಳು ಒಂದೇ ಮಾದರಿ ಹಿಡಿಯಬೇಕಿಲ್ಲ. ಒಂದು ಪಾಲಿಕೆ ತಾಲೀಮು ಕೊಠಡಿಗಳಿಂದ ಶುರುಮಾಡಲಿ, ಇನ್ನೊಂದು ಬಹಿರಂಗ ಕರೆಯಿಂದ.

ಅದಕ್ಕೆಲ್ಲ ಮೊದಲು ನಮ್ಮಲ್ಲಿ ಏನಿದೆ ಎಂಬ ಪಟ್ಟಿ ಬೇಕು. ಯಾವ ವಾರ್ಡಿನಲ್ಲಿ ಯಾವ ಶಿಲ್ಪ, ಯಾವ ಭಿತ್ತಿಚಿತ್ರ, ಯಾರು ಮಾಡಿದ್ದು, ಈಗ ಹೇಗಿದೆ; ಯಾವ ಸಭಾಂಗಣ ಎಷ್ಟು ಹೊತ್ತು ಖಾಲಿ, ಅದರ ಉಸ್ತುವಾರಿ ಯಾರದು. ಇದನ್ನು ಕಲಾ ವಿದ್ಯಾರ್ಥಿಗಳು ಮತ್ತು ಬಡಾವಣೆ ಸಂಘದವರು ಜೊತೆಯಾಗಿ ನಡೆದು ಬರೆಯಬಹುದು. ಬಜೆಟ್ ತಯಾರಿ ಶುರುವಾಗುವ ಮೊದಲು ಆ ಪಟ್ಟಿ ವಾರ್ಡ್ ಸಮಿತಿಯ ಮುಂದಿರಬೇಕು. ಬಾಗಿಲ ಬಳಿಯ ಮೇಜಿನ ಮೇಲೆ ಖಾಲಿ ನಮೂನೆಗಳನ್ನು ಇಟ್ಟಿದ್ದೇವೆ. ಹೊರಡುವಾಗ ನಿಮ್ಮ ವಾರ್ಡಿನ ಹೆಸರು, ಫೋನ್ ನಂಬರ್ ಬರೆದುಕೊಟ್ಟು ಒಂದೊಂದು ನಮೂನೆ ತೆಗೆದುಕೊಂಡು ಹೋಗಿ. ಒಂದೇ ವಾರ್ಡಿನ ಇಬ್ಬರು ಇಲ್ಲಿದ್ದರೆ ಇವತ್ತೇ ಪರಿಚಯ ಮಾಡಿಕೊಳ್ಳಿ.